ಲಾರಿ ಮೇಡಂಗೆ, ಪೂರ್ವದ ಸ್ಟ್ಯಾಂಡಿನಿಂದ

ಪ್ರೀತಿಯ ಲಾರಿ ಮೇಡಂ ಅವರಿಗೆ,

ಹೀಗೆ ಕರೆದೆ ಅಂತ ಬೇಸರ ಮಾಡಿಕೊಳ್ಳಬೇಡಿ. ಐದು ವರ್ಷ ನೀವು ನಮ್ಮ ಫುಟ್‌ಬಾಲ್ ಕ್ಲಬ್ಬಿನ ಯಜಮಾನಿಯಾಗಿದ್ದಿರಿ. ಅಷ್ಟೂ ವರ್ಷ ಪೂರ್ವದ ಸ್ಟ್ಯಾಂಡಿನಲ್ಲಿ ನಿಮಗೆ ಇದೇ ಹೆಸರು. ಮೊದಮೊದಲು ಅದು ಬೈಗುಳವಾಗಿತ್ತು. ಯಾವಾಗ ಅಕ್ಕರೆಯ ಹೆಸರಾಯಿತೋ ನಮಗೇ ಗೊತ್ತಾಗಲಿಲ್ಲ. ಹೋದ ಭಾನುವಾರ ನಿಮ್ಮ ಕೊನೆಯ ಮ್ಯಾಚ್ ಮುಗಿದ ಮೇಲೆ ಮೈಕಿನಲ್ಲಿ ಎರಡು ಮಾತಾಡುತ್ತೀರಿ ಅಂತ ನಾವೆಲ್ಲ ಕಾದು ಕೂತಿದ್ದೆವು. ನೀವು ಹಿಂದಿನ ಗೇಟಿನಿಂದ ಹೊರಟುಹೋಗಿದ್ದಿರಿ. ಹೇಳಬೇಕಾದ್ದು ನಮ್ಮ ಹತ್ತಿರವೂ ಇತ್ತು ಮೇಡಂ. ಅದಕ್ಕೇ ಈ ಕಾಗದ.

ನಮ್ಮಣ್ಣ ನಿಮಗೆ ಚೆನ್ನಾಗಿ ಗೊತ್ತು. ನಾನೂ ಗೊತ್ತು, ಶಾಲೆಯ ಯೂನಿಫಾರಂ ಹೊಲಿಯುವ ಟೈಲರ್, ಅವನ ತಂಗಿ. ಆದರೆ ನೀವು ಬರುವುದಕ್ಕೆ ಮುಂಚಿನದು ನಿಮಗೆ ಗೊತ್ತಿಲ್ಲ. ಅಣ್ಣ ವೆಲ್ಡರ್ ಆಗಿದ್ದ. ಗೇಟು, ಕಿಟಕಿಯ ಕಂಬಿ, ಮೆಟ್ಟಿಲ ಕಟಕಟೆ, ಏನು ಕೊಟ್ಟರೂ ಬೆಸೆಯುತ್ತಿದ್ದ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಕೆಲಸದ ಜಾಗದಲ್ಲಿ ಸಿಲಿಂಡರ್ ಸಿಡಿದು ಎರಡೂ ಕಣ್ಣು ಹೋದವು. ಆಮೇಲೆ ಒಂದು ವರ್ಷ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಊಟದ ತಟ್ಟೆ ಬಾಗಿಲ ಹತ್ತಿರ ಇಟ್ಟು ಬರುತ್ತಿದ್ದೆ. ತಿಂದರೆ ತಿಂದ, ಇಲ್ಲದಿದ್ದರೆ ಇಲ್ಲ.

ನಮ್ಮ ಮನೆಯಿಂದ ಮೈದಾನ ಮೂರೇ ಬೀದಿ. ಒಂದು ಭಾನುವಾರ ಮಧ್ಯಾಹ್ನ ಜನರ ಕೂಗು ಕೇಳಿಸಿತು. ಅಣ್ಣ ಒಳಗಿನಿಂದಲೇ, "ಪುಟ್ಟೀ, ಗೋಲ್ ಆಯ್ತು, ಯಾರು ಹೊಡೆದ್ರು ನೋಡು" ಅಂದ. ಒಂದು ವರ್ಷದಲ್ಲಿ ಅವನಾಗಿ ಕೇಳಿದ ಮೊದಲ ಮಾತು ಅದು. ನಾನು ಹೊಲಿಗೆ ಬಿಟ್ಟೆದ್ದು, "ನಾನ್ಯಾಕೆ ನೋಡಲಿ, ಬಾ ಇಬ್ಬರೂ ಹೋಗೋಣ" ಅಂದೆ. ಅವನ ಕೈ ಹಿಡಿದು ಎಳೆದುಕೊಂಡೇ ಹೋದೆ.

ನನಗೆ ಫುಟ್‌ಬಾಲ್ ಅಂದರೆ ಏನೇನೂ ಗೊತ್ತಿರಲಿಲ್ಲ. "ಕೆಂಪು ಅಂಗಿಯವನು ಓಡ್ತಿದಾನೆ, ಬಿದ್ದ, ಪಾಪ, ಎದ್ದ" ಅಂತ ಹೇಳುತ್ತಿದ್ದೆ. ಅಣ್ಣ, "ನೀನು ಮ್ಯಾಚ್ ಹೇಳ್ತಿದೀಯೋ, ಮದುವೆಮನೆ ಸುದ್ದಿ ಹೇಳ್ತಿದೀಯೋ? ಚೆಂಡು ಎಲ್ಲಿದೆ ಹೇಳೇ" ಅಂತ ರೇಗಿದ. ಎಲ್ಲಿದೆ ಅಂತ ಹೇಗೆ ಹೇಳಲಿ? ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ನನಗೆ ಗೊತ್ತಿರುವುದನ್ನೇ ಹಿಡಿದೆ. ಇಡೀ ಮೈದಾನವನ್ನು ಮೇಜಿನ ಮೇಲೆ ಹರಡಿದ ಒಂದು ಅಂಗಿ ಮಾಡಿದೆ. ನಮ್ಮ ಗೋಲು ಕಾಲರ್. ಅವರ ಗೋಲು ಅಂಗಿಯ ಅಂಚು. ಆ ಕಡೆ ಈ ಕಡೆ ತೋಳು. ನಡುವೆ ಗುಂಡಿಗಳು. "ಮೂರನೇ ಗುಂಡಿ ಹತ್ತಿರ ನಮ್ಮವನ ಕಾಲಲ್ಲಿದೆ, ಬಲತೋಳಿಗೆ ಕೊಟ್ಟ, ತೋಳಿನಿಂದ ಕಂಕುಳಿಗೆ ಬಂತು" ಅಂದ ತಕ್ಷಣ ಅಣ್ಣನಿಗೆ ಹೊಳೆಯುತ್ತಿತ್ತು. ಅಕ್ಕಪಕ್ಕದವರು ಮೊದಲು ನಕ್ಕರು. ಒಂದು ವರ್ಷ ಕಳೆಯುವಷ್ಟರಲ್ಲಿ ಸ್ಟ್ಯಾಂಡಿನ ಅರ್ಧ ಜನ "ಕಂಕುಳಿಗೆ ಹಾಕೋ!" ಅಂತ ಆಟಗಾರರಿಗೆ ಕೂಗುತ್ತಿದ್ದರು. ಆ ಹುಡುಗರಿಗೆ ಏನು ಅರ್ಥವಾಗುತ್ತಿತ್ತೋ ದೇವರಿಗೇ ಗೊತ್ತು.

ಆದರೆ ನಾನು ಹೇಳುವುದಕ್ಕಿಂತ ಅರ್ಧ ಕ್ಷಣ ಮೊದಲೇ ಅಣ್ಣನಿಗೆ ಎಷ್ಟೋ ತಿಳಿದುಬಿಡುತ್ತಿತ್ತು. ಕಾಲಿನ ಒಳಬದಿಯಲ್ಲಿ ತಳ್ಳಿದರೆ ಒಂದು ಸದ್ದು, ಮುಂಗಾಲಿನಿಂದ ಒದ್ದರೆ ಇನ್ನೊಂದು. ಗೋಲ್‌ಕಂಬಕ್ಕೆ ಚೆಂಡು ಬಡಿದಾಗ ಅವನು ಮುಖ ಕಿವುಚುತ್ತಿದ್ದ. ಕಬ್ಬಿಣದ ಜೊತೆ ಬಾಳಿದವನಲ್ಲವೇ. ಹೀಗೆ ಒಂಬತ್ತು ವರ್ಷ ನಡೆಯಿತು.

ಆಮೇಲೆ ನೀವು ಬಂದಿರಿ. ಹಳೆಯ ಯಜಮಾನರಿಗೆ ಕ್ಲಬ್ಬು ಬೇಡವಾಗಿತ್ತು, ನಿಮ್ಮ ಲಾರಿ ಕಂಪನಿ ಕೊಂಡಿತು ಅಂತ ಸುದ್ದಿ. ನಮ್ಮ ಸಾಲಿನ ಅಂಚೆಯವರು ನೆನಪಿದ್ದಾರಲ್ಲ, ಅವರ ಕೂಗಿಗೆ ನಾವು 'ಗಂಟಲು' ಅಂತಲೇ ಕರೆಯುವುದು. ಅವರು ಆ ದಿನ, "ಆಯಮ್ಮಂಗೆ ಚೆಂಡು ದುಂಡಗಿರುತ್ತೆ ಅನ್ನೋದಾದ್ರೂ ಗೊತ್ತೇನ್ರೀ? ಇನ್ಮೇಲೆ ನಮ್ಮ ಹುಡುಗರು ಹಾರನ್ ಹೊಡ್ಕೊಂಡು ಓಡ್ಬೇಕು" ಅಂದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ನೀವು ಹೊಸ ಆಟಗಾರರನ್ನು ತರುತ್ತೀರಿ ಅಂತ ಕಾದರೆ, ಮೊದಲು ಕಟ್ಟಿಸಿದ್ದು ಹೆಂಗಸರ ಶೌಚಾಲಯ. ಗಂಡಸರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಒಂಬತ್ತು ವರ್ಷ ಭಾನುವಾರ ಅಂದರೆ ಬೆಳಿಗ್ಗೆಯಿಂದ ನಾನು ನೀರು ಕುಡಿಯುತ್ತಿರಲಿಲ್ಲ. ಇದ್ದ ಒಂದಕ್ಕೆ ಚಿಲಕವಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕಿತ್ತು. ನೀವು ಕಟ್ಟಿಸಿದ ನಾಲ್ಕಕ್ಕೂ ಚಿಲಕ, ನೀರು, ಬ್ಯಾಗು ತೂಗುಹಾಕಲು ಒಂದು ಮೊಳೆ. ಆ ಮೊಳೆ ನೋಡಿ, ಇದನ್ನು ಮಾಡಿಸಿದವರು ಹೆಂಗಸೇ ಅಂತ ಮನಸ್ಸಿನಲ್ಲೇ ಕೈ ಮುಗಿದೆ. ಅವತ್ತು ಮ್ಯಾಚಿನ ನಡುವೆ ಒಂದು ಬಾಟಲಿ ನೀರು ಪೂರ್ತಿ ಕುಡಿದೆ.

ಅದಾದ ಮೂರನೇ ತಿಂಗಳಿಗೆ ಸ್ಪೀಕರುಗಳು ಬಂದವು. ಪ್ರತಿ ಕಂಬಕ್ಕೂ ಎರಡೆರಡು. ಕಾರ್ನರ್ ಅಂದರೆ ಸಂಗೀತ, ಥ್ರೋ ಅಂದರೆ ಡೋಲು, ಚೆಂಡು ಹೊರಗೆ ಹೋದರೆ ಸಿಮೆಂಟಿನ ಜಾಹೀರಾತು, ಯಾರಾದರೂ ಬಿದ್ದರೆ ನೋವಿನ ಮುಲಾಮು. ಬಂದವರಿಗೆ ಮಜಾ ಇರಲಿ ಅಂತ ನೀವು ಮಾಡಿದ್ದು, ಒಪ್ಪುತ್ತೇನೆ. ಚಿಕ್ಕ ಮಕ್ಕಳು ಕುಣಿದರು. ಆದರೆ ಅಣ್ಣ ನನ್ನ ಪಕ್ಕದಲ್ಲೇ ಕೂತು ನನ್ನ ಮಾತೂ ಕೇಳಿಸದೆ, ಚೆಂಡೂ ಕೇಳಿಸದೆ, ಅತ್ತಿತ್ತ ತಲೆ ತಿರುಗಿಸುತ್ತಿದ್ದ. ನಾನು ಅವನ ಕಿವಿಗೆ ಬಾಯಿಟ್ಟು ಕಿರುಚುತ್ತಿದ್ದೆ. ಅರ್ಧ ಆಟ ಮುಗಿಯುವ ಮೊದಲೇ ಅವನು ಎದ್ದು, "ನಡಿ ಪುಟ್ಟಿ, ಮನೆಗೆ ಹೋಗೋಣ. ನನ್ನನ್ನ ಎರಡನೇ ಸಲ ಕುರುಡ ಮಾಡಿದ್ರು" ಅಂದ.

ಆಮೇಲೆ ಎಷ್ಟೋ ಭಾನುವಾರ ಅವನು ಮೈದಾನಕ್ಕೆ ಬರಲಿಲ್ಲ.

ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಮೊದಲ ಎರಡು ಭಾನುವಾರ ನನಗೆ ಹಾಯೆನಿಸಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಮಧ್ಯಾಹ್ನ ಮಲಗಿದೆ. ಮೂರನೇ ಭಾನುವಾರ ಮಲಗಿದವಳಿಗೆ ಕೂಗು ಕೇಳಿಸಿ ಎದ್ದು ಕೂತೆ. ಗೋಲು ಯಾರು ಹೊಡೆದರು ಅಂತ ತಿಳಿಯದೆ ಬಾಗಿಲ ತನಕ ಹೋಗಿ ಬಂದೆ. ಆಗ ಗೊತ್ತಾಯಿತು, ನಾನು ಹೋಗುತ್ತಿದ್ದುದು ಬರೀ ಅಣ್ಣನಿಗಾಗಿ ಅಲ್ಲ. ಆ ಆಟ ನನಗೂ ಬೇಕಾಗಿತ್ತು, ಅವನಿಗೆ ಹೇಳುತ್ತಾ ನೋಡಿದರೆ ಮಾತ್ರ ನನಗೆ ಅದು ಕಾಣುತ್ತಿತ್ತು.

ಅಭಿಮಾನಿಗಳ ಸಭೆ ಅಂತ ನೀವು ಕರೆದಾಗ ಬಂದೆ. ಟಿಕೆಟ್ಟು, ಪಾರ್ಕಿಂಗು, ಗೋಲ್‌ಕೀಪರು ಅಂತ ಒಬ್ಬೊಬ್ಬರು ಮೈಕು ಕಿತ್ತುಕೊಂಡು ಮಾತಾಡಿದರು. ನನ್ನ ಸರದಿ ಬಂದಾಗ ಮೈಕು ಹಿಡಿದು, "ನಮ್ಮಣ್ಣಂಗೆ ಚೆಂಡು ಕೇಳಿಸ್ತಿಲ್ಲ" ಅಂದೆ. ಹಿಂದಿನಿಂದ ಯಾರೋ, "ಕಿವಿ ಡಾಕ್ಟರ ಹತ್ರ ಹೋಗಮ್ಮ" ಅಂದರು. ಸಭೆಯೆಲ್ಲ ನಕ್ಕಿತು. ಉಳಿದದ್ದು ಹೇಳದೆ ಕೂತುಬಿಟ್ಟೆ. ನೀವು ನಗಲಿಲ್ಲ. ಏನೂ ಹೇಳಲೂ ಇಲ್ಲ. ದೊಡ್ಡವರ ಮನೆಯವರು, ಇವರಿಗೇಕೆ ನಮ್ಮ ಗೋಳು ಅಂತ ದಾರಿಯುದ್ದಕ್ಕೂ ನಿಮ್ಮನ್ನು ಬೈದುಕೊಂಡೇ ಮನೆಗೆ ಬಂದೆ. ಆ ಬೈಗುಳಕ್ಕೆ ಇವತ್ತು ಕ್ಷಮೆ ಕೇಳುತ್ತೇನೆ.

ಮೂರನೇ ದಿನ ನೀವು ಮನೆಯ ಮುಂಭಾಗದ ನನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದಿರಿ. ಯೂನಿಫಾರಂ ಬಟ್ಟೆಯ ರಾಶಿಯ ನಡುವೆ ಸ್ಟೂಲು ಹುಡುಕಿ ಕೊಡುವಷ್ಟರಲ್ಲಿ ನೀವೇ ಬಟ್ಟೆಯ ಕಟ್ಟಿನ ಮೇಲೆ ಕೂತು, "ಅವತ್ತು ನೀವು ಮಾತು ಅರ್ಧಕ್ಕೆ ನಿಲ್ಲಿಸಿದ್ರಿ. ಇನ್ನರ್ಧ ಹೇಳಿ" ಅಂದಿರಿ. ಹೇಳಿದೆ. ಕೇಳಿದ ಮೇಲೆ ನೀವು, ಮೇಲಿನ ಗಾಜಿನ ಕೋಣೆಯಲ್ಲಿ ಅಣ್ಣನಿಗೆ ಒಂದು ಸೀಟು ಕೊಡಿಸುತ್ತೇನೆ ಅಂದಿರಿ. ಒಳಗಿನ ಕೋಣೆಯಿಂದ ಅಣ್ಣನ ದನಿ ಬಂತು: "ಗಾಜಿನ ಹಿಂದೆ ಕೂರೋಕೆ ಮನೇಲೇ ಕೂರಬಹುದು ಮೇಡಂ. ಮನೇಲಿ ಟೀ ಆದ್ರೂ ಬಿಸಿ ಇರುತ್ತೆ."

ನನಗೆ ಜೀವವೇ ಹೋದಂತಾಯಿತು. ನೀವು ಮಾತ್ರ ನಕ್ಕು, "ಹಾಗಾದ್ರೆ ಬುಧವಾರ ಪ್ರಾಕ್ಟೀಸ್ ಮ್ಯಾಚಿಗೆ ಬನ್ನಿ. ಏನು ಕೇಳಿಸಲ್ಲ ಅಂತ ನನಗೆ ತೋರಿಸಿ" ಅಂದಿರಿ.

ಆ ಬುಧವಾರ ಖಾಲಿ ಸ್ಟ್ಯಾಂಡಿನಲ್ಲಿ ನಾವು ಮೂವರೇ. ಸ್ಪೀಕರು ಎಂದಿನಂತೆ ಅರಚುತ್ತಿತ್ತು. "ಈಗ ಏನಾಗ್ತಿದೆ?" ಅಂತ ಕೇಳಿದಿರಿ. ಅಣ್ಣ, "ಏನೂ ಆಗ್ತಿಲ್ಲ ಮೇಡಂ. ಬಸ್‌ಸ್ಟ್ಯಾಂಡಲ್ಲಿ ನಿಂತ ಹಾಗಿದೆ" ಅಂದ. ನೀವು ಕೈ ಎತ್ತಿದಿರಿ, ಸ್ಪೀಕರು ನಿಂತಿತು. ಅಣ್ಣ ಮೈದಾನದ ಕಡೆ ಕಿವಿ ತಿರುಗಿಸಿದ. ಆಮೇಲೆ ಮೆಲ್ಲಗೆ ಶುರುಮಾಡಿದ. "ಕೀಪರ್ ಕೈಲಿದೆ ಚೆಂಡು, ಎರಡು ಸಲ ನೆಲಕ್ಕೆ ಕುಟ್ಟಿದ. ಒದ್ದ. ಎತ್ತರಕ್ಕೆ ಹೋಯ್ತು... ಯಾರೋ ತಲೆ ಕೊಟ್ಟ. ಈ ಕಡೆಯವನಿಗೆ ಉಸಿರು ಹತ್ತಿದೆ, ಬೂಟಿನ ಲೇಸು ಬಿಚ್ಚಿದೆ ಅನ್ಸುತ್ತೆ, ಪಟಪಟ ಅಂತಿದೆ." ನಾನು ನೋಡಿದೆ. ನಿಜವಾಗಿಯೂ ಲೇಸು ಬಿಚ್ಚಿತ್ತು. ತಿರುಗಿ ನಿಮ್ಮನ್ನು ನೋಡಿದರೆ ನೀವು ಕಣ್ಣು ಮುಚ್ಚಿ ಕೂತಿದ್ದಿರಿ. "ಇಷ್ಟೆಲ್ಲ ಸದ್ದಿದೆಯಾ ಇದರಲ್ಲಿ" ಅಂತ ನಿಮಗೆ ನೀವೇ ಅಂದುಕೊಂಡಿರಿ. ಇಪ್ಪತ್ತು ನಿಮಿಷ ನೀವು ಕಣ್ಣು ತೆರೆಯಲಿಲ್ಲ ಮೇಡಂ. ನಾನು ಅವತ್ತೇ ನಿಮ್ಮ ಕಡೆಯವಳಾದೆ.

ಮುಂದಿನ ಭಾನುವಾರದಿಂದ ಚೆಂಡು ಉರುಳುತ್ತಿರುವಾಗ ಸ್ಪೀಕರು ಬಂದ್. ಅಣ್ಣ ಮತ್ತೆ ತನ್ನ ಸೀಟಿಗೆ ಬಂದ. ಜಾಹೀರಾತಿನವರು ಸಿಟ್ಟಾಗಿ ಹೋದರು. ಆ ವರ್ಷ ನಮ್ಮ ಹುಡುಗರ ಅಂಗಿಯ ಎದೆಯ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ, ಖಾಲಿ. ಟೈಲರಾಗಿ ಹೇಳುತ್ತೇನೆ, ಅಷ್ಟು ಚೆಂದದ ಅಂಗಿ ನಮ್ಮ ಟೀಮಿಗೆ ಅದರ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ.

ಎಲ್ಲವನ್ನೂ ಹೊಗಳಿದರೆ ನೀವೇ ನಂಬುವುದಿಲ್ಲ. ನಮ್ಮ ಒಳ್ಳೆಯ ಗೋಲ್ ಹೊಡೆಯುವವನನ್ನು ಸೀಸನ್ನಿನ ನಡುವೆ ಮಾರಿದಿರಿ. ಅದು ತಪ್ಪು, ಈಗಲೂ ತಪ್ಪೇ ಅನ್ನುತ್ತೇನೆ. ಆ ವರ್ಷ ಟೀಮು ಕೆಳಗಿನ ದರ್ಜೆಗೆ ಬಿತ್ತು. 'ಗಂಟಲು' ಒಂದು ತಿಂಗಳು ನಿಮ್ಮ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು. ಆದರೆ ಕ್ಲಬ್ಬಿನ ಸಮಿತಿಯಲ್ಲಿ ಅಭಿಮಾನಿಗಳ ಕಡೆಯಿಂದ ಒಬ್ಬರು ಇರಬೇಕು ಅಂತ ನೀವು ಹೇಳಿದ್ದೂ ಅದೇ ವರ್ಷ. ನಾವು ಅಣ್ಣನನ್ನು ಆರಿಸಿದೆವು. ಮೊದಲ ಸಭೆಗೆ ಹೋಗುವ ದಿನ ಅವನು ಮೂರು ಸಲ ಅಂಗಿ ಬದಲಾಯಿಸಿದ. ಬಣ್ಣ ಕಾಣದವನಿಗೆ ಯಾಕಯ್ಯ ಇಷ್ಟು ಗಡಿಬಿಡಿ ಅಂದರೆ, "ಅವರಿಗೆ ಕಾಣ್ಸುತ್ತಲ್ಲೇ" ಅಂದ.

ಆಮೇಲೆ ಹೋದ ವರ್ಷ ಬಂತು. ನಿಮ್ಮ ಅರ್ಧ ಲಾರಿಗಳು ಬಾಡಿಗೆಯಿಲ್ಲದೆ ಶೆಡ್ಡಿನಲ್ಲಿ ನಿಂತವು. ದೊಡ್ಡ ದೊಡ್ಡ ಕಟ್ಟಡ ಕಟ್ಟಿಸುವವರೊಬ್ಬರು ಟೀಮನ್ನೂ ಮೈದಾನವನ್ನೂ ಸೇರಿಸಿ ಕೊಳ್ಳುತ್ತೇವೆ ಅಂತ ಮುಂದೆ ಬಂದರು. ಮೈದಾನದಲ್ಲಿ ಅಂಗಡಿಗಳು, ಟೀಮಿಗೆ ಊರಾಚೆ ಹೊಸ ಸ್ಟೇಡಿಯಂ. ಸಮಿತಿಯಲ್ಲಿ ಎಲ್ಲರೂ ಹೂಂ ಅಂದರು. ಅಣ್ಣ ಒಬ್ಬನೇ ಊಹೂಂ. ಅವತ್ತು ಅವನು ನಿಮಗೆ ಹೇಳಿದ್ದನ್ನು ಮನೆಗೆ ಬಂದು ನನಗೆ ಒಪ್ಪಿಸಿದ: "ಟೀಮು ನಿಮ್ಮದು ಮೇಡಂ, ಮಾರಿ. ಆದ್ರೆ ಮನೆಯಿಂದ ನನ್ನ ಸೀಟಿನ ತನಕ ನಾನು ಯಾರ ಕೈಯನ್ನೂ ಹಿಡಿಯದೆ ನಡೆದು ಹೋಗೋ ಜಾಗ ಈ ಲೋಕದಲ್ಲಿ ಅದೊಂದೇ." ನೀವು ಮೇಜು ಕುಟ್ಟಿ, "ನನ್ನ ಡ್ರೈವರುಗಳ ಮನೇಲಿ ಒಲೆ ಉರಿಯೋದು ಬೇಡ್ವಾ? ಅವರೂ ನಡೆದೇ ಬರ್ತಾರೆ ನನ್ನ ಹತ್ರ" ಅಂತ ಕೂಗಿದಿರಂತೆ. ಅಣ್ಣ ಆ ದಿನ ಊಟ ಮಾಡಲಿಲ್ಲ. "ಅವರು ಹೇಳಿದ್ದೂ ಸರಿ ಕಣೇ" ಅಂತ ಎರಡು ಸಲ ಅಂದ.

ಸಮಿತಿಯಲ್ಲಿ ಎಲ್ಲರೂ ನಿಮ್ಮ ಕಡೆ ಇದ್ದರು. ಸಹಿ ಹಾಕಿದ್ದರೆ ಮುಗಿದಿತ್ತು. ನೀವು ಒಂದು ತಿಂಗಳು ಯಾರಿಗೂ ಸಿಗಲಿಲ್ಲ. ಆಮೇಲೆ ಮೈದಾನವನ್ನು ಸೀಸನ್ ಟಿಕೆಟ್ಟಿನ ಸದಸ್ಯರೆಲ್ಲ ಸೇರಿದ ಸಂಘದ ಹೆಸರಿಗೆ ಬರೆಸಿದಿರಿ. ಸದಸ್ಯರು ಒಪ್ಪದೆ ಯಾರೂ ಅದನ್ನು ಮಾರುವ ಹಾಗಿಲ್ಲ. ಕಟ್ಟಡದವರು ಅವತ್ತೇ ಹಿಂದೆ ಸರಿದರು. ಮೈದಾನವಿಲ್ಲದ ಬರೀ ಟೀಮನ್ನು ನಮ್ಮೂರಿನ ಬೇಕರಿಯವರೊಬ್ಬರಿಗೆ, ಅವರು ಕೊಟ್ಟಷ್ಟಕ್ಕೆ ಕೊಟ್ಟಿರಿ. ಡ್ರೈವರುಗಳ ಗತಿ ಏನು ಅಂತ ನಾವು ಯಾರೂ ನಿಮ್ಮನ್ನು ಕೇಳಲಿಲ್ಲ. ಆ ನಾಚಿಕೆ ನಮಗಿದೆ. ಹೋದ ತಿಂಗಳು ನಿಮ್ಮ ಡ್ರೈವರೊಬ್ಬರು ಮಗಳ ಯೂನಿಫಾರಂ ಹೊಲಿಸಲು ಬಂದಿದ್ದರು. ಒಬ್ಬರನ್ನೂ ಕೆಲಸದಿಂದ ತೆಗೆದಿಲ್ಲ, ಮೇಡಂ ತಮ್ಮ ಮನೆ ಮಾರಿ ಆಫೀಸಿನ ಮೇಲಿನ ಎರಡು ಕೋಣೆಗೆ ಬಂದಿದ್ದಾರೆ ಅಂದರು. ಅಳತೆ ಬರೆಯುತ್ತಿದ್ದವಳು ಕಣ್ಣು ಮಂಜಾಗಿ ಬರೆದದ್ದು ಕಾಣದೆ ಮತ್ತೆ ಅಳತೆ ತೆಗೆದೆ. ಅಣ್ಣನಿಗೆ ಹೇಳಿದೆ. ಕೇಳಿದವನೇ, "ಕಾಗದ ಬರಿ. ನಾನು ಹೇಳಿದೆ ಅಂತ ಬರಿ" ಅಂದ. ಏನು ಬರೆಯಲಿ ಅಂದರೆ, "ಅದನ್ನೆಲ್ಲ ನೀನೇ ನೋಡ್ಕೋ" ಅಂದ. ಅವನು ಯಾವಾಗಲೂ ಹೀಗೇ.

ಇಷ್ಟೂ ಬರೆದದ್ದು ಒಂದು ಮಾತು ಕೇಳುವುದಕ್ಕೆ. ಐದು ವರ್ಷ ನೀವು ಮೇಲಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ, ಸೋತರೂ ಗೆದ್ದರೂ ಬಾಯಿ ಬಿಗಿಹಿಡಿದು ಕೂತಿದ್ದಿರಿ. ಯಜಮಾನಿ ಆದವರು ರೆಫ್ರಿಗೆ ಬೈಯುವ ಹಾಗಿಲ್ಲವಲ್ಲ. ಈಗ ಆ ಕಟ್ಟು ಇಲ್ಲ. ಹೊಸ ಸೀಸನ್ನಿನ ಮೊದಲ ಭಾನುವಾರ ನಮ್ಮ ಸಾಲಿಗೆ ಬನ್ನಿ. ಅಣ್ಣನ ಎಡಗಡೆಯ ಸೀಟನ್ನು 'ಗಂಟಲು' ನಿಮಗೆ ಬಿಟ್ಟುಕೊಡುತ್ತಾರಂತೆ, ಅವರೇ ಹೇಳಿ ಕಳಿಸಿದ್ದಾರೆ. ಹೇಗೆ ಬೈಯಬೇಕು ಅಂತಲೂ ಕಲಿಸುತ್ತಾರಂತೆ. ಒಮ್ಮೆ ಎದ್ದು ನಿಂತು, ಗಂಟಲು ಹರಿಯುವ ಹಾಗೆ, ಆ ರೆಫ್ರಿಯನ್ನು ಬೈದು ನೋಡಿ ಮೇಡಂ. ಎಷ್ಟು ಹಗುರಾಗುತ್ತದೆ ಅಂತ ನಿಮಗೆ ಗೊತ್ತಿಲ್ಲ.

ನಿಮ್ಮ ಲಾರಿಗಳೆಲ್ಲ ಮತ್ತೆ ರಸ್ತೆಗಿಳಿಯಲಿ, ಹೋದವರೆಲ್ಲ ಕ್ಷೇಮವಾಗಿ ಮನೆ ಸೇರಲಿ, ನಿಮ್ಮ ಎರಡು ಕೋಣೆಗಳಲ್ಲಿ ನೆಮ್ಮದಿ ತುಂಬಿರಲಿ ಅಂತ ಹಾರೈಸುವ,

ಪೂರ್ವದ ಸ್ಟ್ಯಾಂಡು, ಏಳನೇ ಸಾಲಿನ ಟೈಲರ್
(ಅಣ್ಣನ ಪರವಾಗಿಯೂ)