ಬಲಗಡೆಗೆ ಬಿಟ್ಟ ಪೈಪು

ರುದ್ರಾ,

ಈ ಕಾಗದ ನಿಂಗೆ ಕಳಿಸಲ್ಲ, ಅದಕ್ಕೇ ಕಾಗುಣಿತದ ಭಯ ಇಲ್ಲದೆ ಬರೀತಿದೀನಿ. ನನ್ನ ಹಳೇ ಬುಲೆಟ್ಟಿಗೆ ನೀನು ಹಾಕಿದ್ಯಲ್ಲ, ಇಂಜಿನ್ ಉಸಿರು ಬಿಡೋ ರಬ್ಬರ್ ಪೈಪು, ಅದು ಮೊನ್ನೆ ಸೀಳಿಹೋತು. ಹೊನ್ನಾಳಿ ಮೆಕ್ಯಾನಿಕ್ ನೋಡಿ, "ಇದೇನ್ರೀ, ಸೀಟಿನ ಕೆಳಗೆಲ್ಲ ಸುತ್ತಿ ಬಲಗಡೆ ಬಿಟ್ಟಾರೆ?" ಅಂತ ನಕ್ಕು, ಗೇಣುದ್ದದ್ದು ಎಡಗಡೆ ನೇರ ಇಳಿಸಿದ. ನಂಗೂ ಸರಿ ಅನಿಸ್ತು.

ಇವತ್ತು ಕತ್ತಲಗೆರೆಗೆ ಹೋಗಿ ಇಳಿದ್ರೆ, ಹಿಂದೆ ಕೂತಿದ್ದ ನನ್ನ ಹೆಂಡ್ತಿ ಸೀರೆ ಅಂಚೆಲ್ಲ ಆ ಪೈಪು ಉಗುಳಿದ ಎಣ್ಣೆ! ಅವಳು ಬೈಲಿಲ್ಲ. "ನಾನು ಯಾವ ಕಡೆ ಕಾಲು ಬಿಟ್ಕೊಂಡು ಕೂರ್ತೀನಿ ಅಂತ ರುದ್ರಣ್ಣ ಪೈಪು ಹಾಕೋ ದಿನಾನೇ ಕೇಳಿದ್ರು. ಎಡಗಡೆ ಅಂದಿದ್ದೆ" ಅಂದ್ಲು.

ನಂಗೆ ಗೊತ್ತೇ ಇರಲಿಲ್ಲ ಕಣೋ. ಚನ್ನಗಿರೀಲಿ ನಿನ್ನ ಗ್ಯಾರೇಜ್ ಪಕ್ಕದ ಚಾ ಅಂಗಡಿ ಮುಂದೆ ಅಷ್ಟು ಜನರ ಎದುರು, ನೀನು ಸುತ್ತಿದ್ದ ಪೈಪು ತೋರಿಸಿ, "ನೋಡ್ರಪ್ಪೋ, ಡಾಕ್ಟ್ರು ಗಾಡಿಗೆ ಗ್ಲೂಕೋಸ್ ಏರಿಸ್ಯಾರೆ!" ಅಂದಿದ್ದೆ. ಎಲ್ಲಾರೂ ನಕ್ರು. ನೀನು ಕೈ ಒರೆಸ್ಕೊಂಡು ಒಳಗೆ ಹೋದೆ. ಆಮೇಲೆ ನನ್ನ ಗಾಡಿ ಮುಟ್ಟಲಿಲ್ಲ. ಗ್ಯಾರೇಜ್ ಎತ್ಕೊಂಡು ಸೊಕ್ಕೆ ಊರಿಗೆ ಹೋದಾಗ ನಂಗೆ ಹೇಳಲೂ ಇಲ್ಲ.

ಈಗ ಉದ್ದನೇ ಪೈಪು ತಂದು ಕೂತೀನಿ. ಬ್ಯಾಟ್ರಿ ಮುಂದಿಂದ ತಂದಿದ್ಯೋ, ಹಿಂದಿಂದಲೋ? ಮಡಚಿಕೊಂಡ್ರೆ ಇಂಜಿನ್ ಉಸಿರು ಕಟ್ಟತೈತೆ. ಮೂರು ಸಲ ಹಾಕಿದೆ, ಮೂರು ಸಲನೂ ಮಡಚಿಕೊಳ್ತು.

"ರುದ್ರಣ್ಣನಿಗೇ ಫೋನ್ ಮಾಡಿ ಕೇಳ್ರಿ" ಅಂದ್ಲು ಇವಳು.

"ಸಿಗ್ನಲ್ ಇಲ್ಲ" ಅಂದೆ.

ಟವರ್ರು ನಮ್ಮ ಮನೆ ಹಿಂದೇನೇ ಐತೆ.