ಬನ್ನಿ ಗಿಡದ ಕೆಳಗೆ ಎರಡನೇ ಗುಂಡು

ಫೆಬ್ರವರಿ 9, ಭಾನುವಾರ, ಕಲಬುರಗಿ

ಇವತ್ತೂ ಬೆಳಗಾಗುವ ಮುಂಚೆ ಪೊಲೀಸ್ ಮೈದಾನ. ಚಹಾ ಕೂಡ ಕುಡಿಯದೆ ಓಡಿದ್ದು. ನಾಗರಿಕರಿಗೆ ಬಂದೂಕು ತರಬೇತಿ ಅಂತ ಹೆಸರು, ಇಲ್ಲಿಯವರೆಗೆ ಒಂದು ಗುಂಡೂ ಹಾರಿಸಿಲ್ಲ. ಬರೀ ಪಾಠ. ಹೇಳಿಕೊಡುವವರು ಸಬ್ ಇನ್ಸ್‌ಪೆಕ್ಟರ್ ಮಾಣಿಕಪ್ಪ. ಮೀಸೆಗಿಂತ ಮಾತು ದಪ್ಪ. ಟೇಬಲ್ ಮೇಲೆ ರಿವಾಲ್ವರ್ ಇಟ್ಟು ನನ್ನನ್ನೇ ಕರೆದರು.

"ಖಾಲಿ ಅದ. ಎತ್ರಿ."

ಎತ್ತಿದೆ.

"ಖಾಲಿ ಅಂತ ಯಾರ ಹೇಳ್ಯಾರ?"

"ನೀವೇ ಅಲ್ರಿ ಸರ್."

"ನಾ ಯಾರ್ರೀ ನಿಮಗ? ನಿಮ್ಮಪ್ಪ ಎದ್ದು ಬಂದು ಖಾಲಿ ಅದ ಅಂದ್ರೂ ನಂಬಬ್ಯಾಡ್ರಿ. ಸಿಲಿಂಡರ್ ತೆಗೀರಿ. ಆರೂ ತೂತು ಕಣ್ಣಿಲೆ ನೋಡ್ರಿ, ಬೆರಳಿಲೆ ಮುಟ್ಟಿ ನೋಡ್ರಿ. ಆಮ್ಯಾಲ ಖಾಲಿ."

ಎಲ್ಲರೂ ನಕ್ಕರು. ಎಂಥ ಅವಮಾನ! ಲ್ಯಾಬ್‌ನಲ್ಲಿ ದಿನವಿಡೀ ಬೇರೆಯವರ ರಕ್ತ ಪರೀಕ್ಷೆ ಮಾಡುವವಳು, ಇಷ್ಟು ಹೊಳೆಯಲಿಲ್ಲವಲ್ಲ. ಪಕ್ಕದಲ್ಲಿ ಜುಬೇದಾ — ವಕೀಲೆ, ಮನೆ ರೋಜಾ ಬಡಾವಣೆ ಕಡೆ — ಕಿವಿಯಲ್ಲಿ, "ಕೋರ್ಟಿನಾಗೂ ಇದೇ ರೂಲ್ ನೋಡು" ಅಂದಳು. ಒಳ್ಳೆಯ ಜೊತೆ ಸಿಕ್ಕಿತು.

ಫೆಬ್ರವರಿ 11

ಲ್ಯಾಬ್‌ನಲ್ಲಿ ಎಲ್ಲರದೂ ಒಂದೇ ಪ್ರಶ್ನೆ. ಮಲ್ಲಿಕಾ ಮೇಡಂಗೆ ಪಿಸ್ತೂಲು ಯಾಕೆ? ಯಾರನ್ನು ಹೊಡೆಯಬೇಕು? ನಗುತ್ತೇನೆ, ಹೇಳುವುದಿಲ್ಲ. ಇಲ್ಲಿ ಹೇಳಬಹುದು.

ಅಪ್ಪ ನಮ್ಮೂರು ಕಮಲಾಪುರದಲ್ಲಿ ತೀರಿಹೋದಾಗ ನಾನು ಹೈದರಾಬಾದಿನಲ್ಲಿ ಟ್ರೇನಿಂಗ್‌ನಲ್ಲಿದ್ದೆ. ಮಣ್ಣಿಗೆ ಬಂದೆ ಅಷ್ಟೇ. ಮಾತಿಲ್ಲ, ಕತೆಯಿಲ್ಲ. ಅಪ್ಪನ ರಿವಾಲ್ವರ್ ಸ್ಟೇಷನ್ನಿಗೆ ಹೋಯಿತು, ಲೈಸೆನ್ಸ್ ಇದ್ದವರೇ ಇಲ್ಲವಾದ ಮೇಲೆ ಮನೆಯಲ್ಲಿ ಇಡುವಂತಿಲ್ಲ. ಮೊನ್ನೆ ಸಂಕ್ರಾಂತಿಗೆ ಹೋದಾಗ ಅವ್ವ ಹೇಳಿದಳು: "ನಿಮ್ಮಪ್ಪ ಕಡೀಗೆ ಒಂದೇ ಮಾತ ಅಂದ್ರು. ಅದು ಮಲ್ಲಿಗೆ ಹೋಗ್ಲಿ, ಆಕಿ ಕೈ ನಡುಗಂಗಿಲ್ಲ ಅಂತ."

ವಿವೇಕಣ್ಣ ತಲೆ ಅಲ್ಲಾಡಿಸಿದ. "ಹೌದು ಮಲ್ಲಿ, ನಂಗ್ಯಾಕ? ಅಪ್ಪ ನಿನಗ ಅಂದಾರ. ನೀ ತಗೋ."

ಚಿಕ್ಕಂದಿನಲ್ಲಿ ಅಪ್ಪ ಬಾಳೆ ತೋಟದ ಬದುವಿನ ಮೇಲೆ ಡಬ್ಬ ಇಟ್ಟು ಅಣ್ಣನಿಗೆ ಗುರಿ ಕಲಿಸುತ್ತಿದ್ದರು. ಬಿದ್ದ ಡಬ್ಬ ಎತ್ತಿಡುವ ಕೆಲಸ ನನ್ನದು. ನನಗೊಮ್ಮೆ ಕೊಡ್ರಿ ಅಂದರೆ, "ನಿಂಗ್ಯಾಕ ಬೇಕು?" ಆ ಅಪ್ಪ ಕೊನೆಗೆ ನನ್ನ ಹೆಸರು ಹೇಳಿದರಂತೆ. ಬಚ್ಚಲಿಗೆ ಹೋಗಿ ಅತ್ತೆ. ಖುಷಿಗೆ.

ಫೆಬ್ರವರಿ 16

ಇವತ್ತು ಹಾರಿಸಿದೆ! ಕೈ ನಡುಗಲಿಲ್ಲ. ನಿಜವಾಗಿಯೂ ನಡುಗಲಿಲ್ಲ ಅಪ್ಪ.

ಮೂರನೇ ಗುಂಡು ಬರೀ ಟಕ್ ಅಂದಿತು, ಸಿಡಿಯಲಿಲ್ಲ. ತಿರುಗಿಸಿ ನೋಡಲು ಹೊರಟೆ — "ಅಲುಗಬ್ಯಾಡ್ರಿ! ಗುರಿ ಕಡಿಗೇ ಹಿಡೀರಿ!" ಕೆಲವು ಗುಂಡು ತಡವಾಗಿ ಸಿಡಿಯುತ್ತವಂತೆ. ಸತ್ತಿದೆ ಅಂದುಕೊಂಡು ಮುಖದ ಮುಂದೆ ತಂದವರು ಮುಖ ಕಳೆದುಕೊಂಡಿದ್ದಾರಂತೆ. ಅರ್ಧ ನಿಮಿಷ ಹಾಗೇ ನಿಂತೆ.

ಆಮೇಲೆ ಹ್ಯಾಮರ್, ಗುಂಡಿನ ತಳಕ್ಕೆ ಬಡಿಯುವ ಸುತ್ತಿಗೆ. ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸಿದರೆ ಟ್ರಿಗರ್ ಕೂದಲಷ್ಟು ಹಗುರ. "ಏರಿಸೋದು ಎಲ್ಲಾರ್ಗೂ ಬರ್ತದ. ಇಳಿಸೋದರಾಗ ಮಂದಿ ಸಾಯ್ತಾರ. ಗುಂಡು ಹೊಡಿಯೋದಿಲ್ಲ ಅಂದ್ರ ಬೆರಳು ಟ್ರಿಗರ್ ಮ್ಯಾಲ ಯಾಕ?" ಮಾಣಿಕಪ್ಪ ಸಾಹೇಬರ ಬೈಗುಳ ಈಗ ಕಿವಿಗೆ ಹಿತ. ಜುಬೇದಾಳ ಗುಂಡು ಮಾತ್ರ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಶಹಾಬಜಾರಿನ ತನಕ ನಡೆದೇ ಬಂದೆವು, ನಕ್ಕೂ ನಕ್ಕೂ.

ಜುಲೈ 21, ಸೋಮವಾರ

ಲೈಸೆನ್ಸ್ ಬಂತು. ಪೊಲೀಸರು ಮನೆಗೆ ಬಂದು ವಿಚಾರಿಸಿದ್ದು, ಕಚೇರಿಗೆ ತಿರುಗಿದ್ದು — ಬರೆಯಲಾರೆ. ಅಪ್ಪನ ರಿವಾಲ್ವರ್ ಈಗ ನನ್ನ ಹೆಸರಿನಲ್ಲಿ. ಹಳೆಯ ಗುಂಡುಗಳ ಹಿತ್ತಾಳೆ ಹಸಿರುಗಟ್ಟಿತ್ತು. ಅವನ್ನು ವಾಪಸು ಕೊಟ್ಟು ಹೊಸವು ತಂದೆ. ಗುಂಡಿನ ತಳದಲ್ಲಿ ಒತ್ತಿರುವ ಅಳತೆಯ ನಂಬರು, ನಳಿಗೆಯ ಮೇಲಿನ ನಂಬರು, ಎರಡೂ ಹೊಂದಬೇಕು. ಎರಡೆರಡು ಸಲ ಓದಿದೆ. ಅಂಗಡಿಯವನಿಗೆ ಬೇಜಾರು.

ಅಣ್ಣ ಪೇಡೆ ತಂದಿದ್ದ. ಬಾಗಿಲಲ್ಲೇ ಕೈ ಚಾಚಿದ. "ತಾ ನೋಡೋಣು."

"ಲೈಸೆನ್ಸ್ ಇಲ್ಲದವರ ಕೈಗೆ ಕೊಡಂಗಿಲ್ಲಣ್ಣ. ನೋಡು, ಮುಟ್ಟಬ್ಯಾಡ."

"ಏ ಹುಚ್ಚಿ. ನಮ್ಮಪ್ಪಂದು ನನಗ ಪರಕೀಯ ಆಯ್ತೇನು?"

ನಕ್ಕ. ಆದರೆ ಪೇಡೆ ಡಬ್ಬಿ ಬಿಚ್ಚದೆ ಹಾಗೇ ಇಟ್ಟು ಹೋದ.

ಸೆಪ್ಟೆಂಬರ್ 28

ಅವ್ವನ ಫೋನ್. ದಸರೆಗೆ ರಿವಾಲ್ವರ್ ತರಲೇಬೇಕಂತೆ, ಗುಂಡೂ ಪೂಜೆಗೆ ಬೇಕಂತೆ. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ದೇವರ ಗದ್ದಿಗೆ ಮೇಲೆ ಅದಿಲ್ಲದೆ ಎರಡು ವರ್ಷ ಆಯಿತು, ಮನೆಗೆ ಒಳ್ಳೆಯದಲ್ಲ. ದಶಮಿಯ ಸಂಜೆ ಬನ್ನಿ ಗಿಡದ ಹತ್ತಿರ ನಮ್ಮ ಮಲ್ಲಣ್ಣನವರ ಮನೆತನದ ಗುಂಡು ಹಾರಿದ ಮೇಲೇ ಊರು ಬನ್ನಿ ಮುಡಿಯುತ್ತಿತ್ತು. ಅಪ್ಪ ಪ್ರತಿ ವರ್ಷ ಹಾರಿಸಿದ್ದಾರೆ. ಈಗ ಜನ ಕೇಳುತ್ತಾರಂತೆ.

"ಪೂಜೆಗೆ ತರ್ತೀನವ್ವ. ಹಾರಿಸೋದು ಇಲ್ಲ. ಅದು ಗುನ್ಹೆ."

"ಆಯ್ತ್ ತಗೋ, ಯಾರ ಹಾರಿಸು ಅಂದಾರ?"

ಅಕ್ಟೋಬರ್ 1, ಕಮಲಾಪುರ

ಪೂಜೆ ಆಯಿತು. ನನ್ನ ಲೈಸೆನ್ಸು, ಆದರೆ ಗದ್ದಿಗೆ ಮೇಲೆ ಇಡಲು ನಾನು ಆಗುವುದಿಲ್ಲವಂತೆ. "ಖಂಡೆ ಪೂಜಿ ಗಂಡಸರದವ್ವ" ಅಂದಳು ಅವ್ವ. ಜಗಳ ಯಾಕೆ ಅಂತ ಸಿಲಿಂಡರ್ ಬಿಚ್ಚಿ, ಆರೂ ತೂತು ನೋಡಿ, ಮುಟ್ಟಿ, ನಾನೇ ಇಟ್ಟು ಪಕ್ಕಕ್ಕೆ ನಿಂತೆ. ಅಣ್ಣ ವಿಭೂತಿ ಹಚ್ಚಿದ, ಹೂ ಏರಿಸಿದ. ಅದರಿಂದ ಕಣ್ಣು ಕೀಳಲಿಲ್ಲ.

ಮುಗಿದ ಮೇಲೆ ಅವ್ವನ ಅಲ್ಮಾರಿಯಲ್ಲಿ ಇಟ್ಟೆ. ರಿವಾಲ್ವರ್ ಮೇಲಿನ ಅರೆಯಲ್ಲಿ, ಗುಂಡು ಒಳಗಿನ ತಿಜೋರಿಯಲ್ಲಿ. ಎರಡೂ ಬೇರೆ ಬೇರೆ ಕಡೆ ಇರಬೇಕು. ಚಾವಿ ನನ್ನ ಸೊಂಟದಲ್ಲಿ.

ಅಕ್ಟೋಬರ್ 3, ಶುಕ್ರವಾರ, ಕಲಬುರಗಿ

ಬರೆಯಬೇಕು. ಬರೆಯದಿದ್ದರೆ ನನಗೇ ಅನುಮಾನ ಬರುತ್ತದೆ, ನೋಡಿದ್ದು ನಾನೇನಾ ಅಂತ.

ನಿನ್ನೆ ಮುಂಜಾನೆ ಅವ್ವ, "ಬೆಳ್ಳಿ ತಾಟ ತಗೀಬೇಕು, ಚಾವಿ ಕೊಡು" ಅಂದಳು. ಎರಡು ಚಾವಿ, ಒಂದೇ ರಿಂಗು. ಕೊಟ್ಟೆ. ಅವ್ವ ಅಲ್ಲವೇ? ಕೊಟ್ಟೆ.

ಸಂಜೆ ಅವ್ವನೊಬ್ಬಳನ್ನು ಬಿಟ್ಟು ಎಲ್ಲರೂ ಬನ್ನಿ ಗಿಡಕ್ಕೆ. ಮುಂದೆ ಊರ ವಾದ್ಯದ ನಾಗಣ್ಣನ ಹಲಗೆ. ನಾನು ಹುಟ್ಟಿದಾಗಲೂ ಅವನೇ ಬಾರಿಸಿದ್ದನಂತೆ. ಪೂಜೆ ಮುಗಿಯಿತು. ಅಣ್ಣ ಅಂಗಿ ಎತ್ತಿ ಸೊಂಟದಿಂದ ರಿವಾಲ್ವರ್ ತೆಗೆದ. ನಾನು ಮುಂದೆ ನುಗ್ಗಿದೆ, ಅಷ್ಟರಲ್ಲಿ ಮೇಲಕ್ಕೆ ಹಿಡಿದು ಹಾರಿಸಿದ. ಶಿಳ್ಳೆ, ಚಪ್ಪಾಳೆ. ಹತ್ತಾರು ಮೊಬೈಲ್ ಎದ್ದವು. "ಇನ್ನೊಂದು ಆಗ್ಲಿ ವಿವೇಕಣ್ಣ!" ಹೆಬ್ಬೆರಳಿನಿಂದ ಹ್ಯಾಮರ್ ಏರಿಸಿದ. ಕೈ ಕೆಳಗೆ ಇಳಿಸುತ್ತ ಯಾರ ಜೊತೆಗೋ ನಗುತ್ತಿದ್ದ, ಬೆರಳು ಟ್ರಿಗರ್ ಮೇಲೆಯೇ.

ಚೀರಿದೆ. "ಅಣ್ಣಾ, ಬೆರಳು ತೆಗಿ!"

ನನ್ನ ಕಡೆ ತಿರುಗಿದ. ನಳಿಗೆಯೂ ತಿರುಗಿತು. ಎರಡನೇ ಗುಂಡು ನಾಗಣ್ಣನ ತೊಡೆಗೆ.

ಅಣ್ಣ ಅದನ್ನು ನೆಲಕ್ಕೆ ಬಿಸಾಡಿ ಓಡಿದ. ಮಕ್ಕಳು ಸುತ್ತ ನಿಂತಿದ್ದವು. ನಾಲ್ಕು ಗುಂಡು ಇನ್ನೂ ಒಳಗೇ. ನಾನು ಎತ್ತಿದೆ, ಸಿಲಿಂಡರ್ ಬಿಚ್ಚಿದೆ, ಎಲ್ಲಾ ಉದುರಿಸಿದೆ. ಎರಡು ಖಾಲಿ, ನಾಲ್ಕು ಜೀವಂತ. ಓಢಣಿ ಹರಿದು ನಾಗಣ್ಣನ ತೊಡೆ ಕಟ್ಟಿದೆ. ಪೊಲೀಸರು ಬಂದಾಗ ಅಣ್ಣ ಇಲ್ಲ. ರಿವಾಲ್ವರ್ ನನ್ನ ಕೈಯಲ್ಲಿ, ರಕ್ತ ನನ್ನ ಕೈಯಲ್ಲಿ, ಲೈಸೆನ್ಸ್ ನನ್ನ ಹೆಸರಿನಲ್ಲಿ.

"ಯಾರು ಹೊಡೆದದ್ದು?" ಅಂತ ಇನ್ಸ್‌ಪೆಕ್ಟರ್ ಕೇಳಿದರು. ಯಾರೂ ನೋಡಿಲ್ಲ. ಊರಿಗೆ ಊರೇ ಆಗ ಮುಗಿಲು ನೋಡುತ್ತಿತ್ತಂತೆ! ಒಂದು ಮೊಬೈಲಿನಲ್ಲೂ ವಿಡಿಯೋ ಇಲ್ಲವಂತೆ. ನಾನೂ ಆಗ ಅಣ್ಣನ ಹೆಸರು ಎತ್ತಲಿಲ್ಲ. ರಿವಾಲ್ವರ್ ವಶಕ್ಕೆ ತೆಗೆದುಕೊಂಡು, ಮಂಗಳವಾರ ಠಾಣೆಗೆ ಬಂದು ಹೇಳಿಕೆ ಕೊಡಿ, ಕಲಬುರಗಿ ಬಿಟ್ಟು ಬೇರೆಲ್ಲೂ ಹೋಗಬೇಡಿ ಅಂದರು.

ಅಕ್ಟೋಬರ್ 4

ಅವ್ವ ಬಂದಿದ್ದಳು. ಅಳಲಿಲ್ಲ. ಕುರ್ಚಿಯ ಮೇಲೆ ಕೂತು ನೀರು ಕೇಳಿ ಕುಡಿದಳು, ಆಮೇಲೆ ಶುರು ಮಾಡಿದಳು.

"ಒರಸುವಾಗ ಹಾರಿತು ಅಂದುಬಿಡು. ನೀ ಹೆಣ್ಮಗಳು, ನೌಕರಿದಾಕಿ. ಜಡ್ಜಗೂ ಕರುಣಿ ಬರ್ತದ. ವಿವೇಕಗ ಹಿಂದಿನ ಹೊಡದಾಟದ ಕೇಸ್ ಇನ್ನಾ ಅದ. ಇದೂ ಕೂಡಿದ್ರ ಹೊರಗ ಬರೋದಿಲ್ಲ ಅಂವ."

"ಆ ಕೇಸ್ ರಾಜಿ ಆಯ್ತು ಅಂದಿದ್ರಿ?"

ಲೋಟ ಕೆಳಗಿಟ್ಟಳು.

"ಅದಕ್ಕ ನನ್ನ ಹೆಸರಿಲೆ ಲೈಸೆನ್ಸ್ ಮಾಡಿಸಿದ್ರೇನು?"

"ಅವಗ ಲೈಸೆನ್ಸ್ ಕೊಡಂಗಿಲ್ಲ ಅಂದ್ರು ಪೊಲೀಸ್ರು. ಮನ್ಯಾಗಿನ ವಸ್ತು ಸ್ಟೇಷನ್ಯಾಗ ತುಕ್ಕ ಹಿಡೀಬೇಕೇನು?"

"ಮತ್ತ ಅಪ್ಪ? ಅಪ್ಪ ನನ್ನ ಹೆಸರು ಹೇಳಿದ್ದು?"

ಸೆರಗಿನ ತುದಿ ನೋಡುತ್ತ ಹೇಳಿದಳು. "ನಿಮ್ಮಪ್ಪಗ ಕಡೀಕಡೀಗೆ ಮಾತೇ ಇದ್ದಿದ್ದಿಲ್ಲ, ಮಲ್ಲಿ."

ಚಾವಿ ಹೋದದ್ದಕ್ಕೆ ಇಷ್ಟು ನೋಯಲಿಲ್ಲ. ಇದಕ್ಕೆ ಎದೆಯೇ ಒಡೆಯಿತು. ಸತ್ತವನ ಬಾಯಲ್ಲಿ ಮಾತು ಇಟ್ಟು ಮಗಳಿಗೆ ಮೋಸ ಮಾಡುತ್ತಾರೇನು? ಅದೂ ಆ ಒಂದು ಮಾತಿಗೆ ಇಡೀ ಜೀವಮಾನ ಕಾದವಳಿಗೆ? ಅವರಿಗೆ ಗೊತ್ತಿತ್ತು. ಎಲ್ಲಿ ಒತ್ತಿದರೆ ನಾನು ಕರಗುತ್ತೇನೆ ಅಂತ ಚೆನ್ನಾಗಿ ಗೊತ್ತಿತ್ತು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹಾಗಾದರೆ ನನ್ನನ್ನು ಹೆತ್ತವರು ಯಾರು?

ಹೋಗುವಾಗ ಬಾಗಿಲಲ್ಲಿ ನಿಂತು, "ನೀ ಚೀರದಿದ್ರ ಅಂವ ಹೊಳ್ಳತಿದ್ದಿಲ್ಲ" ಅಂದಳು. ಅಷ್ಟು ಅಂದು ಹೋದಳು.

ಅಕ್ಟೋಬರ್ 5

ನಾಳೆ, ನಾಡಿದ್ದಿಗೆ ಲ್ಯಾಬ್‌ಗೆ ರಜೆ ಹಾಕಿದೆ. ಅಡುಗೆ ಇಲ್ಲ.

ನಿಜ ಏನೆಂದರೆ — ಒಪ್ಪಿಕೊಂಡುಬಿಡೋಣ ಅಂತಲೂ ಅನಿಸುತ್ತಿದೆ. ಅಣ್ಣನಿಗೆ ಎರಡು ಮಕ್ಕಳು. ನನಗೆ ಯಾರಿದ್ದಾರೆ? ಚೀರಿದ್ದು ನಾನೇ. ಚಾವಿ ಕೊಟ್ಟದ್ದೂ...

ಜುಬೇದಾ ಬಂದಳು. ತಾನೇ ಒಲೆ ಹಚ್ಚಿ ಖಿಚಡಿ ಮಾಡಿ ಮುಂದಿಟ್ಟಳು. ಎಲ್ಲಾ ಕೇಳಿ, "ಸುನೋ ಮಲ್ಲಿಕಾ" ಅಂದಳು. "ಖರೇ ಹೇಳಿದ್ರೂ ನಿನಗ ತ್ರಾಸ್ ಅದ. ಹಥಿಯಾರ್, ಆ ರಿವಾಲ್ವರ್ ಕಾಯೋದು ನಿನ್ನ ಜಿಮ್ಮೇದಾರಿ, ಲೈಸೆನ್ಸ್ ಹೋಗ್ತದ, ಕೇಸೂ ಆಗಬಹುದು. ಆದ್ರ ಸುಳ್ಳು ಹೇಳಿದ್ರ ನಾಗಣ್ಣನ ಕಾಲೂ ನಿನ್ನ ಹೆಸರಿಗೇ ಬರೀತಾರ. ನೋಡು. ಇಷ್ಟು ಹೇಳೀನಿ, ಮುಂದಿಂದು ನೀ ಹೇಳು."

ತಟ್ಟೆ ಎಳೆದುಕೊಂಡೆ. ಖಿಚಡಿ ತಿಂದೆ.

ಅಕ್ಟೋಬರ್ 6

ಆಸ್ಪತ್ರೆಗೆ ಹೋದೆ. ನಾಗಣ್ಣ ಮಲಗಿದ್ದ. ಮೂಳೆ ಸೀಳಿದೆ. ಇನ್ನು ಹಲಗೆ ಹಿಡಿದು ಹಬ್ಬದ ಮುಂದೆ ನಡೆಯುವುದು ಕಷ್ಟ ಅಂದರು ಡಾಕ್ಟರು. ನನ್ನನ್ನು ನೋಡಿ ಏಳಲು ನೋಡಿದ, ಬೇಡ ಅಂದೆ.

"ಅಕ್ಕಾರ, ನಿಮ್ಮ ಮನಿ ಕಡಿ ಮಂದಿ ಬಂದಿದ್ರು. ಅಕ್ಕಾರೇ ಹೊಡದ್ರು ಅಂತ ಹೇಳ್ಬೇಕಂತ."

"ನೀ ಏನಂದಿ?"

"ನಿಮ್ಮ ಓಢಣಿ ನನ್ನ ತೊಡಿಗಿತ್ತು. ಹೆಂಗ ಅನ್ಲಿ? ಅನ್ನದಿದ್ರ ಊರಾಗ ಹೆಂಗ ಇರ್ಲಿ?" ಮುಖ ಗೋಡೆಗೆ ತಿರುಗಿಸಿದ. "ಕತ್ತಲಾಗಿತ್ತು, ಕಾಣ್ಲಿಲ್ಲ ಅಂತೀನ್ರಿ. ಅಷ್ಟೇ ನನ್ನ ಕೈಲಾದದ್ದು."

ಕತ್ತಲಾಗಿರಲಿಲ್ಲ. ಗುಂಡು ತಿಂದವನೂ ನಮ್ಮ ಮನೆಗಾಗಿ ಸುಳ್ಳು ಹೇಳಬೇಕು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಇಲ್ಲ. ಸಾಕು. ನಾಳೆ ಆದದ್ದನ್ನು ಆದ ಹಾಗೇ ಹೇಳುತ್ತೇನೆ. ಚಾವಿ ಕೊಟ್ಟದ್ದನ್ನೂ ಹೇಳುತ್ತೇನೆ. ನನಗೆ ಬರುವುದು ಬರಲಿ.

ಅವ್ವನಿಗೆ ಫೋನ್ ಮಾಡಿದೆ. "ನಾ ಖರೇನೇ ಹೇಳ್ತೀನವ್ವ."  ಫೋನ್ ಇಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 7, ಮಂಗಳವಾರ, ಬಸ್ಸಿನಲ್ಲಿ

ಕಮಲಾಪುರದ ಬಸ್ ಇನ್ನೂ ಹೊರಟಿಲ್ಲ. ಜುಬೇದಾ ಮೊದಲೇ ಹೋಗಿದ್ದಳು, ಅಲ್ಲಿಂದ ಫೋನ್. ದನಿ ಬೇರೆಯೇ ಆಗಿತ್ತು.

"ಎಲ್ಲಿದ್ದಿ? ಕೂತೀಯೇನು? ನಿಮ್ಮವ್ವ ಮುಂಜಾನೆದ್ದು ಬಂದು ಹೇಳಿಕಿ ಕೊಟ್ಟಾರ. ಹೊಡೆದಾಕಿ ನನ್ನ ಮಗಳೇ, ಬನ್ನಿ ಗಿಡದ ಕೆಳಗ ನಾನೇ ಕಣ್ಣಾರೆ ನೋಡೀನಿ ಅಂತ. ಸಹಿ ಮಾಡ್ಯಾರ."

ಕಣ್ಣಾರೆ.

ಕಿಟಕಿಯ ಸರಳು ಹಿಡಿದು ಕೂತಿದ್ದೇನೆ. ಪಕ್ಕದಾಕೆ, "ಮೈಯಾಗ ಆರಾಮ ಇಲ್ಲೇನವ್ವ?" ಅನ್ನುತ್ತಿದ್ದಾಳೆ. ಹೂಂ ಅಂದೆ.

ಇಳಿದು ಮನೆಗೆ ಹೋಗಬಹುದು. ಹೋಗುವುದಿಲ್ಲ. ಅವ್ವ ಇನ್ನೂ ಠಾಣೆಯ ಬೆಂಚಿನ ಮೇಲೇ ಕೂತಿದ್ದಾಳಂತೆ, ನಾನು ಬರುವುದನ್ನು ನೋಡಿಯೇ ಹೋಗುವವಳ ಹಾಗೆ. ಅವಳ ಎದುರಿಗೇ ಹೇಳಬೇಕು. ನಮ್ಮವ್ವ ಹೇಳಿದ್ದು ಸುಳ್ಳು ಅಂತ, ಅವಳ ಮುಖ ನೋಡಿಕೊಂಡೇ.

ಏನು ಹೇಳಬೇಕು ಅಂತ ಬಾಯಲ್ಲೇ ಜೋಡಿಸಿಕೊಳ್ಳುತ್ತಿದ್ದೇನೆ. ಅವ್ವ ಆ ಹೊತ್ತಿಗೆ ಅಲ್ಲಿ ಇರಲೇ ಇಲ್ಲ ಸರ್. ಮನೆಯಲ್ಲಿದ್ದಳು. ಒಲೆಯ ಮುಂದೆ. ನನಗಂತಲೇ ಹೋಳಿಗೆ ತಟ್ಟುತ್ತಿದ್ದಳು, ಬಿಸಿ ಇರುವಾಗಲೇ ಬಾ ಮಲ್ಲಿ ಅಂದಿದ್ದಳು, ನಾನು — ಬಸ್ ಹೊರಟಿತು. ಉಳಿದದ್ದು ಠಾಣೆಯಲ್ಲೇ ಹೇಳುತ್ತೇನೆ.