ಪಕ್ಕದ ಮನೆ ಅಳಿಯನ ಪ್ರಶ್ನೆ

ಚುಂಗ್‌ಹೋ
೧೫ ಏಪ್ರಿಲ್ ೨೦೦೮

ಮಗಳೇ ಪೇಯೂನ್,

ಕಡಲದೇವಿ ಮಾಝು ತಾಯಿ ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ತಡವಾಯಿತೆಂದು ಬೈಯಬೇಡ. ಕೂತಲ್ಲಿ ಕೂರಲಾಗದೆ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಓಡಾಡಿದ್ದೇ ಆಯಿತು. ಎರಡು ದಿನ ಅನ್ನ ತಳ ಹಿಡಿಯಿತು.

ಬಂದರಿನ ಕ್ರೇನಿನ ಪರದೆ ಕಪ್ಪಾಗಿ ನಿಲ್ಲುತ್ತದೆ, ಈ ತಿಂಗಳೊಳಗೆ ಸರಿಯಾಗದಿದ್ದರೆ ನಿನ್ನ ಕೆಲಸ ಹೋಗುತ್ತದೆ, ಅದರ ಡಿಸ್‌ಪ್ಲೇ ಕಾರ್ಡಿನೊಳಗೆ ಪರದೆಯನ್ನು ನಡೆಸುವ ವೀಡಿಯೊ ಬಯಾಸ್ ಎಂಬ ಪ್ರೋಗ್ರಾಂ ಅಪ್ಪನೇ ಬರೆದದ್ದು, "ಅಪ್ಪನ್ನ ಕೇಳಮ್ಮ, ಆದ್ರೆ ನನ್ನ ಹೆಸರು ಹೇಳ್ಬೇಡ" ಎಂದು ನೀನು ಬರೆದಿದ್ದೆ. ನಾಲ್ಕು ವರ್ಷದ ಹಿಂದೆ, ಹೊಸವರ್ಷದ ಊಟದಲ್ಲಿ, ಚಿಕ್ಕಪ್ಪಂದಿರ ಎದುರು ಅದನ್ನೇ "ಹಳೇ ಕಸ" ಎಂದವಳು ನೀನು. ಆವತ್ತಿನಿಂದ ನಿನಗೂ ಅಪ್ಪನಿಗೂ ಮಾತಿಲ್ಲ.

ಮೊದಲು ಗುಡಿಗೆ ಹೋದೆ. ಅಪ್ಪನನ್ನು ಕೇಳಲೋ ಬೇಡವೋ ಎಂದು ಶಕುನದ ಮರದ ಜೋಡಿ ಬಿಲ್ಲೆ ಎಸೆದೆ. ಒಂದು ಅಂಗಾತ, ಒಂದು ಬೋರಲು ಬಿದ್ದಿದ್ದರೆ ಹೌದೆಂದು ಅರ್ಥವಾಗುತ್ತಿತ್ತು; ಎರಡು ಸಲವೂ ಎರಡೂ ಅಂಗಾತ ಬಿದ್ದವು. ದೇವಿ ನಕ್ಕಳಷ್ಟೇ, ಉತ್ತರ ಕೊಡಲಿಲ್ಲ. ಪಕ್ಕದಲ್ಲಿದ್ದ ಮುದುಕಿ, "ಏನಮ್ಮಾ, ಯಾರು ಕೇಳ್ತಿರೋದು ಅಂತ ಹೇಳಿದ್ಯಾ? ಹೆಸರು, ಹುಟ್ಟಿದ ದಿನ, ಮನೆ ವಿಳಾಸ ಹೇಳ್ದೆ ಇದ್ರೆ ದೇವಿ ಯಾರಿಗೆ ಅಂತ ಉತ್ತರ ಕೊಡ್ತಾಳೆ?" ಎಂದಳು. ಮೂವತ್ತು ವರ್ಷದಿಂದ ದೇವಿಯನ್ನು ಕೇಳುತ್ತಿರುವವಳು ನಾನು, ನಿನ್ನ ಹೆಸರು ಮುಚ್ಚಿಡುವ ಆತುರದಲ್ಲಿ ಅದನ್ನೇ ಮರೆತಿದ್ದೆ.

ಆದರೂ ಮನೆಗೆ ಬಂದು ಸುಳ್ಳನ್ನೇ ಹೇಳಿದೆ. "ಪಕ್ಕದ ಮನೆ ಲಿಯಾವ್ ಅವರ ಅಳಿಯ ಏನೋ ಕೇಳಿದ್ದಾನೆ" ಎಂದು ನಿನ್ನ ಹಾಳೆಯನ್ನು ತಡವರಿಸುತ್ತ ಓದಿದೆ. ಅಪ್ಪ ಹಾಳೆ ಇಸಿದುಕೊಂಡು, ತಿರುಗಿಸಿ, ಹಿಂಬದಿಯನ್ನು ಹೆಬ್ಬೆರಳಿನಿಂದ ಸವರಿದರು.

"ಆ ಅಳಿಯ ಪೆನ್ನನ್ನ ಇಷ್ಟು ಒತ್ತಿ ಬರೀತಾನಾ?"

ಹಾಗೆ ಒತ್ತಿ ಬರೆಯುವವಳು ನೀನೆಂದು ಗೊತ್ತಿದ್ದ ನಾನು ಒಲೆಯ ಕಡೆ ತಿರುಗಿದೆ.

"ಸರಿ, ಅವನಿಗೆ ಹೇಳು. ಅವನ ಪ್ರೋಗ್ರಾಂ ಪ್ರೊಟೆಕ್ಟೆಡ್ ಮೋಡ್‌ದು, ಸುತ್ತ ಕಾವಲು. ನನ್ನ ಬಯಾಸ್ ಹಳೇ ಕಾಲದ್ದು. ನೇರವಾಗಿ ಕರೆದ್ರೆ ಯಂತ್ರ ಅಲ್ಲೇ ಸತ್ತುಬೀಳುತ್ತೆ. ಕಾವಲಿನೊಳಗೇ ಹಳೇ ಯಂತ್ರದ ಥರ ಒಂದು ಕೋಣೆ ಮಾಡಿ, ಅಲ್ಲಿ ಕರೀಬೇಕು. ಅಷ್ಟು ಮಾಡಿದ್ದಾನೆ, ಜಾಣ. ಆದ್ರೆ ಉತ್ತರ ಬರ್ಕೊಡು ಅಂತ ಬಯಾಸ್‌ಗೆ ಕೊಟ್ಟ ಮೆಮೊರಿ ಹಾಳೆನ ಅಟ್ಟದ ಮೇಲೆ ಇಟ್ಟಿದ್ದಾನಲ್ಲೇ! ಮೊದಲ ಒಂದು ಮೆಗಾಬೈಟ್‌ಗಿಂತ ಮೇಲಕ್ಕೆ ಬಯಾಸ್ ಕೈ ಎಟುಕಲ್ಲ. ಕೆಳಗಿಡು ಅನ್ನು."

ಹಾಳೆಯನ್ನು ಮಡಚುತ್ತ, "ಯಂತ್ರ ಕೆಡದೆ ಮಾತು ಕೇಳ್ಲಿ ಅಂತ ಶಕುನಕ್ಕೆ ಅದರ ಮೇಲಿಡ್ತಾರಲ್ಲ ಹಸಿರು ತಿಂಡಿ ಪೊಟ್ಟಣ, ಹಳೇದಾಗಿದ್ರೆ ಬದಲಾಯಿಸ್ಲಿ. ಅವಳು ಅದನ್ನೆಲ್ಲ ಎಲ್ಲಿ ನೋಡ್ತಾಳೆ" ಎಂದರು. 'ಅವಳು' ಎಂದದ್ದು ಅವರ ಗಮನಕ್ಕೇ ಬರಲಿಲ್ಲ.

ಉಳಿದ ಅಂಕಿಗಳೆಲ್ಲ ಜೊತೆಗಿಟ್ಟ ಒಂಬತ್ತು ಹಾಳೆಗಳಲ್ಲಿವೆ. ಹೊತ್ತುಹೊತ್ತಿಗೆ ಊಟ ಮಾಡು. ನಿನ್ನ ಕೆಲಸ ಉಳಿಯಲಿ, ನಿನ್ನ ಹಟ ಕರಗಲಿ ಎಂದು ದಿನಾ ಊದುಬತ್ತಿ ಹಚ್ಚುತ್ತಿದ್ದೇನೆ.

ನಿನ್ನ ಅಮ್ಮ

ಇನ್ನೊಂದು ಮಾತು: ಆ ಹಾಳೆಗಳ ಅಕ್ಷರ ಸೊಟ್ಟಗಿದ್ದರೆ ಬೇಸರಪಡಬೇಡ. ಅವರು ಹೇಳಿದರು, ನಾನು ಬರೆದೆ. ನಾಲ್ಕು ಸಲ ಓದಿಸಿ ತಿದ್ದಿಸಿದರು. ಅಪ್ಪನ ಕಣ್ಣು ಪೂರ್ತಿ ಹೋಗಿ ಎಂಟು ತಿಂಗಳಾಯಿತು. ನಿನಗೆ ಹೇಳಕೂಡದೆಂದು ದೇವಿಯ ಮೇಲೆ ಆಣೆ ಹಾಕಿಸಿದ್ದರು; ಇವತ್ತು ಮುರಿದೆ. ನಿನ್ನ ಹಾಳೆ ಅವರ ದಿಂಬಿನಡಿ ಇದೆ, ಆಗಾಗ ತೆಗೆದು ಸವರುತ್ತಾರೆ. ಫೋನ್ ಮಾಡು. ಮೊದಲು ನಿನ್ನ ಹೆಸರು ಹೇಳು.